ಕಂಪೈಲರ್ ಒಳಗಿನ ಡೇಟಾಫ್ಲೋ ಅನಾಲಿಸಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರ, ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಓದುವವರು, ಮಡಿಕೇರಿಯಲ್ಲಿ ಬಿಸಿಎ ಮಾಡುವವರು, ತೋಟದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವರು: ಇಂಥವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕಂಪೈಲರ್ ಪಾಠದಲ್ಲಿ ಪಾರ್ಸಿಂಗ್‌ಗೆ (ಕೋಡ್‌ನ ವ್ಯಾಕರಣ ಬಿಡಿಸುವುದಕ್ಕೆ) ಸಿಗುವ ಸಮಯ ಈ ವಿಷಯಕ್ಕೆ ಸಿಗುವುದಿಲ್ಲ. ನನಗೆ ಮಾತ್ರ ಕಂಪೈಲರ್‌ನ ಜೀವ ಇಲ್ಲೇ ಇದೆ ಅನ್ನಿಸುತ್ತದೆ. ಸಿ ಅಥವಾ ಜಾವಾದಲ್ಲಿ ಲೂಪ್ ಬರೆಯಲು ಬಂದರೆ ಸಾಕು, ಇದನ್ನು ಓದಬಹುದು.

ಡೇಟಾಫ್ಲೋ ಅನಾಲಿಸಿಸ್ ಅಂದರೆ ಏನು?

ಪ್ರೋಗ್ರಾಂ ಓಡುವಾಗ ಯಾವ ಸಾಲಿನಲ್ಲಿ ಏನು ನಿಜವಾಗಿರುತ್ತದೆ ಎಂದು, ಅದನ್ನು ಓಡಿಸದೆಯೇ ಕಂಪೈಲರ್ ಲೆಕ್ಕ ಹಾಕುವುದು. ಈ ವೇರಿಯಬಲ್‌ನಲ್ಲಿರುವ ಬೆಲೆ ಮುಂದೆ ಯಾರಿಗಾದರೂ ಬೇಕಾ? ಇಲ್ಲಿ ಬಳಸುತ್ತಿರುವ ಬೆಲೆ ಯಾವ ಸಾಲಿನಿಂದ ಬಂದಿರಬಹುದು? ಈ ಗುಣಾಕಾರವನ್ನು ಆಗಲೇ ಒಮ್ಮೆ ಮಾಡಿ ಆಗಿದೆಯಾ? ಇಂಥ ಪ್ರಶ್ನೆಗಳಿಗೆ ಪ್ರತಿ ಸಾಲಿನಲ್ಲೂ ಒಂದೊಂದು ಉತ್ತರ ಬೇಕು.

ಓಡಿಸದೆಯೇ ಅನ್ನುವುದು ಇಲ್ಲಿ ಮುಖ್ಯ. ಬಳಸುವವರು ಏನು ಟೈಪ್ ಮಾಡುತ್ತಾರೆ, ಲೂಪ್ ಎಷ್ಟು ಸಲ ತಿರುಗುತ್ತದೆ, ಫೈಲ್‌ನಲ್ಲಿ ಏನಿದೆ, ಇದ್ಯಾವುದೂ ಕಂಪೈಲರ್‌ಗೆ ಗೊತ್ತಿಲ್ಲ. ಆದರೂ ಅದು ಕೊಡುವ ಉತ್ತರ ಎಲ್ಲ ಸಂದರ್ಭಕ್ಕೂ ನಿಲ್ಲಬೇಕು. ಒಂದೇ ಒಂದು ಇನ್‌ಪುಟ್‌ಗೆ ತಪ್ಪಿದರೂ ಸರಿಯಾಗಿದ್ದ ಪ್ರೋಗ್ರಾಂ ಅನ್ನು ಕಂಪೈಲರೇ ಕೆಡಿಸಿದ ಹಾಗಾಗುತ್ತದೆ.

ಒಂದು ಸಣ್ಣ ಉದಾಹರಣೆ ಸಿಗಬಹುದಾ?

ಖಂಡಿತ. ಮುಂದಿನ ಪ್ರಶ್ನೆಗಳಿಗೂ ಇದೇ ಬೇಕಾಗುತ್ತದೆ, ಹಾಗಾಗಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೊಡಗಿನ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವ ರೂಢಿ ಇದೆ. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಜೂನ್ ತಿಂಗಳ ಒಟ್ಟು ಮಳೆಯನ್ನು ಮಿಲಿಮೀಟರಿಗೆ ತರುವ ಪ್ರೋಗ್ರಾಂ ಹೀಗಿರಲಿ:

1. ಒಟ್ಟು = 0
2. ದಿನ = 1
3. ದಿನ <= 30 ಆದರೆ 4ಕ್ಕೆ ಹೋಗು, ಇಲ್ಲವಾದರೆ 7ಕ್ಕೆ ಹೋಗು
4. ಇಂಚು = ಓದು(ದಿನ)
5. ಒಟ್ಟು = ಒಟ್ಟು + ಇಂಚು
6. ದಿನ = ದಿನ + 1, ಆಮೇಲೆ 3ಕ್ಕೆ ಹೋಗು
7. ಮಿಮೀ = ಒಟ್ಟು * 25.4
8. ಬರೆ(ಮಿಮೀ)

ಕಂಪೈಲರ್ ಮೊದಲು ಇದನ್ನು ತುಂಡು ಮಾಡುತ್ತದೆ. ಮಧ್ಯದಲ್ಲಿ ಎಲ್ಲೂ ತಿರುಗದೆ, ಮಧ್ಯಕ್ಕೆ ಬೇರೆ ಕಡೆಯಿಂದ ಬಂದು ಸೇರದೆ, ಮೇಲಿನಿಂದ ಕೆಳಗೆ ಒಂದೇ ಸಮ ಓಡುವ ಸಾಲುಗಳ ಗುಂಪಿಗೆ ಬೇಸಿಕ್ ಬ್ಲಾಕ್ ಅನ್ನುತ್ತಾರೆ. ಇಲ್ಲಿ ನಾಲ್ಕು ಬ್ಲಾಕ್ ಇವೆ. 1 ಮತ್ತು 2 ಸೇರಿ ‘ಅ’. 3 ಒಂದೇ ‘ಆ’. 4ರಿಂದ 6ರವರೆಗೆ ‘ಇ’. 7 ಮತ್ತು 8 ‘ಈ’. ಇನ್ನು ಬಾಣ ಹಾಕಿ: ಅ ಇಂದ ಆ ಗೆ, ಆ ಇಂದ ಇ ಗೂ ಈ ಗೂ, ಇ ಇಂದ ವಾಪಸ್ ಆ ಗೆ. ಈ ಚಿತ್ರಕ್ಕೆ ಕಂಟ್ರೋಲ್ ಫ್ಲೋ ಗ್ರಾಫ್ ಎಂದು ಹೆಸರು. ಮುಂದಿನ ಕೆಲಸವೆಲ್ಲ ಈ ಚಿತ್ರದ ಮೇಲೇ ನಡೆಯುತ್ತದೆ.

ಲೈವ್ ವೇರಿಯಬಲ್ ಅಂದರೇನು? ಕೈಯಲ್ಲೇ ಲೆಕ್ಕ ಮಾಡಿ ತೋರಿಸಿ.

ಒಂದು ವೇರಿಯಬಲ್‌ನ ಈಗಿನ ಬೆಲೆಯನ್ನು ಮುಂದೆ ಯಾವುದಾದರೂ ದಾರಿಯಲ್ಲಿ, ಅದರ ಮೇಲೆ ಬೇರೆ ಬೆಲೆ ಬರೆಯುವ ಮೊದಲೇ, ಯಾರಾದರೂ ಓದಬಹುದಾದರೆ ಅದು ಅಲ್ಲಿ ಲೈವ್. ಇಲ್ಲದಿದ್ದರೆ ಡೆಡ್. ಮುಂದೇನಾಗುತ್ತದೆ ಎಂದು ನೋಡಬೇಕಾದ್ದರಿಂದ ಲೆಕ್ಕ ಕೊನೆಯಿಂದ ಹಿಂದಕ್ಕೆ, ಅಂದರೆ ಕೊನೆಯ ಬ್ಲಾಕ್‌ನಿಂದ ಶುರು.

ಪ್ರತಿ ಬ್ಲಾಕ್‌ಗೂ ಎರಡು ಪಟ್ಟಿ ಬರೆಯಿರಿ. ಒಂದರಲ್ಲಿ, ಬ್ಲಾಕ್ ತಾನು ಬರೆಯುವ ಮೊದಲೇ ಓದುವ ವೇರಿಯಬಲ್‌ಗಳು. ಇನ್ನೊಂದರಲ್ಲಿ ಅದು ಬರೆಯುವ ವೇರಿಯಬಲ್‌ಗಳು. ‘ಅ’ ಏನೂ ಓದುವುದಿಲ್ಲ. ಒಟ್ಟು, ದಿನ ಬರೆಯುತ್ತದೆ. ‘ಆ’ ದಿನ ಓದುತ್ತದೆ, ಏನೂ ಬರೆಯುವುದಿಲ್ಲ. ‘ಇ’ ದಿನ, ಒಟ್ಟು ಓದುತ್ತದೆ. ಇಂಚು, ಒಟ್ಟು, ದಿನ ಬರೆಯುತ್ತದೆ. ಗಮನಿಸಿ, ‘ಇ’ ಇಂಚನ್ನೂ ಓದುತ್ತದೆ, ಆದರೆ 4ನೇ ಸಾಲಿನಲ್ಲಿ ತಾನೇ ಬರೆದ ಮೇಲೆ. ಹಾಗಾಗಿ ಅದು ಮೊದಲ ಪಟ್ಟಿಗೆ ಸೇರುವುದಿಲ್ಲ. ‘ಈ’ ಒಟ್ಟು ಓದುತ್ತದೆ, ಮಿಮೀ ಬರೆಯುತ್ತದೆ.

ನಿಯಮ ಎರಡೇ. ಬ್ಲಾಕ್‌ನ ಕೊನೆಯಲ್ಲಿ ಲೈವ್ ಆಗಿರುವವು ಯಾವುವು ಅಂದರೆ, ಅಲ್ಲಿಂದ ಹೋಗಬಹುದಾದ ಎಲ್ಲ ಬ್ಲಾಕ್‌ಗಳ ಆರಂಭದಲ್ಲಿ ಲೈವ್ ಆಗಿರುವುದನ್ನು ಒಟ್ಟಿಗೆ ಸೇರಿಸಿದ್ದು. ಬ್ಲಾಕ್‌ನ ಆರಂಭದಲ್ಲಿ ಲೈವ್ ಆಗಿರುವವು ಯಾವುವು ಅಂದರೆ, ಕೊನೆಯಲ್ಲಿರುವುದರಿಂದ ಬ್ಲಾಕ್ ಬರೆಯುವುದನ್ನು ತೆಗೆದು, ಅದು ಬರೆಯುವ ಮೊದಲೇ ಓದುವುದನ್ನು ಸೇರಿಸಿದ್ದು.

ಮೊದಲಿಗೆ ಎಲ್ಲ ಉತ್ತರವೂ ಖಾಲಿ. ‘ಈ’ ಕೊನೆಯಲ್ಲಿ ಏನೂ ಬೇಡ, ಆರಂಭದಲ್ಲಿ ಒಟ್ಟು ಲೈವ್. ‘ಇ’ ನೋಡಿ: ಅದರ ಮುಂದಿನದು ‘ಆ’, ಅದರ ಉತ್ತರ ಇನ್ನೂ ಖಾಲಿ. ಆದರೂ ತಾನೇ ಓದುವುದರಿಂದ ಆರಂಭದಲ್ಲಿ ದಿನ, ಒಟ್ಟು ಲೈವ್. ‘ಆ’ ಕೊನೆಯಲ್ಲಿ ‘ಇ’ ಮತ್ತು ‘ಈ’ ಎರಡನ್ನೂ ಸೇರಿಸಿ, ದಿನ, ಒಟ್ಟು, ಆರಂಭದಲ್ಲೂ ಅವೇ. ‘ಅ’ ಕೊನೆಯಲ್ಲಿ ದಿನ, ಒಟ್ಟು. ಎರಡನ್ನೂ ‘ಅ’ ತಾನೇ ಬರೆಯುವುದರಿಂದ ಆರಂಭದಲ್ಲಿ ಖಾಲಿ. ಒಂದು ಸುತ್ತು ಆಯಿತು. ಎರಡನೇ ಸುತ್ತಿನಲ್ಲಿ ‘ಇ’ಯ ಕೊನೆಗೆ ದಿನ, ಒಟ್ಟು ಬಂದು ಸೇರುತ್ತವೆ, ಆರಂಭದ ಪಟ್ಟಿಗಳು ಒಂದೂ ಬದಲಾಗುವುದಿಲ್ಲ. ಅಲ್ಲಿಗೆ ನಿಲ್ಲಿಸಬಹುದು.

ಈ ಉತ್ತರದಿಂದ ಏನು ಸಿಗುತ್ತದೆ ನೋಡಿ. ಇಂಚು ಯಾವ ಬ್ಲಾಕ್‌ನ ಗಡಿಯಲ್ಲೂ ಲೈವ್ ಅಲ್ಲ. 4ನೇ ಸಾಲಿನಲ್ಲಿ ಹುಟ್ಟಿ 5ನೇ ಸಾಲಿನಲ್ಲಿ ಅದರ ಕೆಲಸ ಮುಗಿಯಿತು. ಅದು ಕೂತಿದ್ದ ರಿಜಿಸ್ಟರ್ (ಪ್ರೊಸೆಸರ್ ಒಳಗೆ ಬೆಲೆ ಇಡುವ ಪುಟ್ಟ ಜಾಗ) ಆಮೇಲೆ ಬೇರೆಯವರಿಗೆ. ಇನ್ನೂ ಒಂದಿದೆ. ‘ಅ’ ಆರಂಭದ ಪಟ್ಟಿ ಖಾಲಿ ಬಂತಲ್ವಾ? ಬೆಲೆ ಕೊಡದೆ ಬಳಸಿದ ವೇರಿಯಬಲ್ ಇಲ್ಲಿ ಒಂದೂ ಇಲ್ಲ ಎಂದು ಅದರ ಅರ್ಥ. 1ನೇ ಸಾಲನ್ನು ಅಳಿಸಿ ಮತ್ತೆ ಲೆಕ್ಕ ಹಾಕಿ. ಒಟ್ಟು ಅಲ್ಲಿ ಬಂದು ಕೂರುತ್ತದೆ. ‘ಬೆಲೆ ಕೊಡದ ವೇರಿಯಬಲ್ ಬಳಸುತ್ತಿರಬಹುದು’ ಎಂದು ಕಂಪೈಲರ್ ಎಚ್ಚರಿಸುವುದಕ್ಕೆ ಈ ಬಗೆಯ ಲೆಕ್ಕವೇ ಆಧಾರ.

ಕೆಲವು ಕಡೆ ಎಲ್ಲವನ್ನೂ ಸೇರಿಸುತ್ತಾರೆ, ಕೆಲವು ಕಡೆ ಎಲ್ಲದರಲ್ಲೂ ಇರುವುದನ್ನು ಮಾತ್ರ ಉಳಿಸುತ್ತಾರೆ. ಯಾವಾಗ ಯಾವುದು ಎಂದು ಹೇಗೆ ನೆನಪಿಡಲಿ?

ನೆನಪಿಡಬೇಡಿ. ಒಂದು ಪ್ರಶ್ನೆ ಕೇಳಿಕೊಳ್ಳಿ: ಉತ್ತರ ತಪ್ಪುವುದೇ ಆದರೆ, ಯಾವ ಕಡೆ ತಪ್ಪಿದರೆ ಪ್ರೋಗ್ರಾಂ ಕೆಡುವುದಿಲ್ಲ? ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಈ ಇಡೀ ಪುಟದಿಂದ ಒಂದೇ ವಿಷಯ ತೆಗೆದುಕೊಂಡು ಹೋಗುವುದಾದರೆ ಇದನ್ನೇ ತೆಗೆದುಕೊಳ್ಳಿ.

ಲೈವ್ ಲೆಕ್ಕದಲ್ಲಿ, ಡೆಡ್ ಆಗಿರುವುದನ್ನು ಲೈವ್ ಅಂದುಬಿಟ್ಟರೆ ಒಂದು ರಿಜಿಸ್ಟರ್ ಸುಮ್ನೆ ಹಿಡಿದಿಟ್ಟ ಹಾಗೆ, ಅಷ್ಟೇ. ಲೈವ್ ಆಗಿರುವುದನ್ನು ಡೆಡ್ ಅಂದರೆ ಬೇಕಾದ ಬೆಲೆಯೇ ಅಳಿಸಿಹೋಗುತ್ತದೆ. ಹಾಗಾಗಿ ಒಂದೇ ಒಂದು ದಾರಿಯಲ್ಲಿ ಬೇಕಾದರೂ ಲೈವ್ ಎನ್ನಬೇಕು. ಆದ್ದರಿಂದ ಸೇರಿಸುವುದು.

ಈಗ ಇನ್ನೊಂದು ನೋಡಿ. ‘ಒಟ್ಟು * 25.4’ ಅನ್ನು ಎರಡು ಕಡೆ ಬರೆದಿದ್ದೀರಿ, ಮೊದಲ ಸಲದ ಉತ್ತರವನ್ನೇ ಎರಡನೇ ಕಡೆ ಬಳಸಬಹುದಾ ಎಂದು ಕಂಪೈಲರ್ ಯೋಚಿಸುತ್ತಿದೆ. ಇದು ಅವೈಲಬಲ್ ಎಕ್ಸ್‌ಪ್ರೆಶನ್ ಲೆಕ್ಕ. ಸಿಗುತ್ತದೆ ಅಂದಾಗ ಸಿಗದಿದ್ದರೆ ಹಾಳು. ಸಿಗುವುದಿಲ್ಲ ಅಂದಾಗ ಸಿಗುತ್ತಿದ್ದರೆ, ಒಂದು ಗುಣಾಕಾರ ಜಾಸ್ತಿ, ಅಷ್ಟೇ. ಹಾಗಾಗಿ ಬರುವ ಎಲ್ಲ ದಾರಿಯಲ್ಲೂ ಆ ಲೆಕ್ಕ ಆಗಿರಲೇಬೇಕು. ಆದ್ದರಿಂದ ಎಲ್ಲದರಲ್ಲೂ ಇರುವುದು ಮಾತ್ರ.

ಒಂದು ಹೋಲಿಕೆ ಕೊಡುತ್ತೇನೆ. ಮೈಸೂರಿನಿಂದ ವಿರಾಜಪೇಟೆಗೆ ಒಂದು ಬಸ್ ಬಂದಿದೆ. ಹುಣಸೂರು, ಗೋಣಿಕೊಪ್ಪ ಮೇಲೆ ಬಂದಿರಬಹುದು. ಹುಣಸೂರು, ಕುಶಾಲನಗರ, ಸಿದ್ದಾಪುರ ಮೇಲೂ ಬಂದಿರಬಹುದು. ಈ ಎರಡೇ ದಾರಿ ಎಂದಿಟ್ಟುಕೊಳ್ಳಿ. ಬಸ್ ಹುಣಸೂರು ದಾಟಿಯೇ ದಾಟಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಗೋಣಿಕೊಪ್ಪ ದಾಟಿರಬಹುದು ಎಂದಷ್ಟೇ ಹೇಳಬಹುದು. ಮೊದಲನೆಯದು ‘ಮಸ್ಟ್’, ಎರಡನೆಯದು ‘ಮೇ’. ಕಂಪೈಲರ್‌ಗೆ ಯಾವ ಮಾತು ಬೇಕು ಅನ್ನುವುದು ಆ ಮಾತನ್ನು ನಂಬಿ ಅದು ಏನು ಮಾಡಲಿದೆ ಎಂಬುದರ ಮೇಲೆ ನಿಂತಿದೆ.

ರೀಚಿಂಗ್ ಡೆಫಿನಿಷನ್?

ಬೆಲೆ ಬರೆದ ಸಾಲುಗಳಲ್ಲಿ ಯಾವುವು ಇಲ್ಲಿಯವರೆಗೆ ಅಳಿಯದೆ ಬಂದಿರಬಹುದು ಎಂಬ ಲೆಕ್ಕ. ದಿಕ್ಕು ಮುಂದಕ್ಕೆ, ದಾರಿಗಳು ಕೂಡುವಲ್ಲಿ ಸೇರಿಸುವುದು. ನಮ್ಮ ಉದಾಹರಣೆಯ 5ನೇ ಸಾಲಿನಲ್ಲಿ ಓದುವ ಒಟ್ಟು 1ನೇ ಸಾಲಿನದಾಗಿರಬಹುದು, ಹಿಂದಿನ ಸುತ್ತಿನ 5ನೇ ಸಾಲಿನದೇ ಆಗಿರಬಹುದು. ಡೀಬಗ್ಗರ್‌ನಲ್ಲಿ ಕೂತು ‘ಈ ಸೊನ್ನೆ ಎಲ್ಲಿಂದ ಬಂತಪ್ಪಾ’ ಎಂದು ಹುಡುಕುವವರು ಮನಸ್ಸಿನಲ್ಲೇ ಮಾಡುವ ಕೆಲಸ ಇದು.

ಲೂಪ್ ಇದ್ದರೆ ಈ ಲೆಕ್ಕ ಕೊನೆಯೇ ಇಲ್ಲದೆ ತಿರುಗುವುದಿಲ್ಲವೇ?

ಒಳ್ಳೆಯ ಅನುಮಾನ. ಲೂಪ್‌ನಲ್ಲಿ ‘ಆ’ಗೆ ‘ಇ’ಯ ಉತ್ತರ ಬೇಕು, ‘ಇ’ಗೆ ‘ಆ’ದ ಉತ್ತರ ಬೇಕು. ಆದರೂ ನಿಲ್ಲುತ್ತದೆ. ಕಾರಣ ಸರಳ. ಲೈವ್ ಲೆಕ್ಕದಲ್ಲಿ ಪಟ್ಟಿಗೆ ಒಮ್ಮೆ ಸೇರಿದ ವೇರಿಯಬಲ್ ಮತ್ತೆ ಹೊರಗೆ ಹೋಗುವುದಿಲ್ಲ. ನಮ್ಮಲ್ಲಿ ನಾಲ್ಕು ವೇರಿಯಬಲ್, ನಾಲ್ಕು ಬ್ಲಾಕ್. ಆರಂಭದ ಪಟ್ಟಿಗಳಲ್ಲಿ ಎಲ್ಲ ಸೇರಿ ಹೆಚ್ಚೆಂದರೆ 16 ಸಲ ಏನಾದರೂ ಹೊಸದಾಗಿ ಸೇರಬಹುದು. ಯಾವ ಸುತ್ತಿನಲ್ಲಿ ಏನೂ ಸೇರಲಿಲ್ಲವೋ ಅಲ್ಲಿಗೆ ಮುಗಿಯಿತು. ಆ ಸ್ಥಿತಿಗೆ ಫಿಕ್ಸ್‌ಪಾಯಿಂಟ್ ಎನ್ನುತ್ತಾರೆ.

ಲ್ಯಾಟಿಸ್ ಎಂಬ ಹೆಸರು ಕೇಳಿ ಹೆದರುವವರು ತುಂಬಾ ಜನ. ಅದು ಹೇಳುವುದೂ ಇದನ್ನೇ. ಉತ್ತರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ. ಎರಡು ಉತ್ತರ ಕೂಡಿದಾಗ ಯಾವ ಮೆಟ್ಟಿಲಿಗೆ ಹೋಗಬೇಕು ಎಂಬ ನಿಯಮ ಇರಲಿ. ಲೆಕ್ಕ ಒಂದೇ ದಿಕ್ಕಿಗೆ ನಡೆಯಲಿ, ಹಿಂದಕ್ಕೆ ಬರದಿರಲಿ. ಮೆಟ್ಟಿಲುಗಳಿಗೆ ಒಂದು ಮಿತಿ ಇರಲಿ. ಇಷ್ಟಿದ್ದರೆ ಲೆಕ್ಕ ನಿಂತೇ ನಿಲ್ಲುತ್ತದೆ.

ವೇಗದ ಬಗ್ಗೆಯೂ ಕೇಳುತ್ತಾರೆ. ಮುಂದಕ್ಕೆ ಹೋಗುವ ಲೆಕ್ಕಕ್ಕೆ ಬ್ಲಾಕ್‌ಗಳನ್ನು ಮೇಲಿನಿಂದ, ಹಿಂದಕ್ಕೆ ಹೋಗುವುದಕ್ಕೆ ಕೆಳಗಿನಿಂದ ತೆಗೆದುಕೊಂಡರೆ ಸಾಮಾನ್ಯವಾಗಿ ಕೆಲವೇ ಸುತ್ತುಗಳಲ್ಲಿ ಮುಗಿಯುತ್ತದೆ. ಪಟ್ಟಿಯನ್ನು ಬಿಟ್‌ಗಳಾಗಿ ಇಟ್ಟರೆ 64 ವೇರಿಯಬಲ್‌ಗಳ ಲೆಕ್ಕ ಪ್ರೊಸೆಸರ್‌ನ ಒಂದೇ ‘ಆರ್’ (OR) ಸೂಚನೆಯಲ್ಲಿ ಆಗಿಹೋಗುತ್ತದೆ.

ಶುರುವಿನಲ್ಲಿ ಖಾಲಿ ಪಟ್ಟಿ ಇಡಬೇಕಾ, ತುಂಬಿದ ಪಟ್ಟಿಯಾ?

ಸೇರಿಸುವ ಲೆಕ್ಕಕ್ಕೆ ಖಾಲಿ. ‘ಎಲ್ಲದರಲ್ಲೂ ಇರಬೇಕು’ ಎನ್ನುವ ಲೆಕ್ಕಕ್ಕೆ, ಪ್ರೋಗ್ರಾಂನ ಬಾಗಿಲೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ತುಂಬಿದ ಪಟ್ಟಿ. ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಇದು. ಅವೈಲಬಲ್ ಲೆಕ್ಕದಲ್ಲಿ ಖಾಲಿಯಿಂದ ಶುರು ಮಾಡಿದರೆ, ಲೂಪ್‌ನ ತುದಿಯಿಂದ ತಲೆಗೆ ವಾಪಸ್ ಬರುವ ಬಾಣದಲ್ಲಿ ಮೊದಲ ಸುತ್ತಿಗೇ ಏನೂ ಇರುವುದಿಲ್ಲ. ‘ಎಲ್ಲ ದಾರಿಯಲ್ಲೂ ಇಲ್ಲ’ ಎಂದು ಲೂಪ್‌ನ ಮೊದಲೇ ಮಾಡಿದ್ದ ಲೆಕ್ಕವೂ ಬಿದ್ದುಹೋಗುತ್ತದೆ. ಉತ್ತರ ಅಪಾಯದ್ದಲ್ಲ, ಆದರೆ ಉಪಯೋಗಕ್ಕೂ ಬರುವುದಿಲ್ಲ.

ಬೆಲೆ ಸ್ಥಿರವಾಗಿದೆ ಎಂದು ಕಂಪೈಲರ್ ಹೇಗೆ ಕಂಡುಹಿಡಿಯುತ್ತದೆ?

ಪ್ರತಿ ವೇರಿಯಬಲ್‌ಗೂ ಮೂರು ಮೆಟ್ಟಿಲು. ಮೇಲೆ ‘ಇನ್ನೂ ಏನೂ ಗೊತ್ತಿಲ್ಲ’. ನಡುವೆ ‘50’, ‘30’ ಎಂಬ ಹಾಗೆ ಒಂದು ನಿರ್ದಿಷ್ಟ ಸಂಖ್ಯೆ. ಕೆಳಗೆ ‘ಸ್ಥಿರವಲ್ಲ’. ಎರಡು ದಾರಿಯಿಂದಲೂ 50 ಬಂದರೆ 50. ಒಂದರಿಂದ 50, ಇನ್ನೊಂದರಿಂದ 30 ಬಂದರೆ ‘ಸ್ಥಿರವಲ್ಲ’. ಒಂದು ವೇರಿಯಬಲ್ ಎರಡೇ ಸಲ ಕೆಳಗಿಳಿಯಬಹುದು.

ಇಲ್ಲೊಂದು ಚಂದದ ತೊಡಕಿದೆ. ಒಂದು ದಾರಿಯಲ್ಲಿ ಅರೇಬಿಕಾ = 20, ರೊಬಸ್ಟಾ = 30 ಚೀಲ. ಇನ್ನೊಂದು ದಾರಿಯಲ್ಲಿ ಅರೇಬಿಕಾ = 30, ರೊಬಸ್ಟಾ = 20. ಕೂಡಿದ ಮೇಲೆ ಎರಡನ್ನೂ ಸೇರಿಸಿದರೆ ಯಾವ ದಾರಿಯಲ್ಲಿ ಬಂದರೂ 50. ನಮಗೆ ಕಾಣುತ್ತದೆ, ಅಲ್ವಾ? ಲೆಕ್ಕಕ್ಕೆ ಕಾಣುವುದಿಲ್ಲ. ಅದು ಮೊದಲು ಅರೇಬಿಕಾ ‘ಸ್ಥಿರವಲ್ಲ’, ರೊಬಸ್ಟಾ ‘ಸ್ಥಿರವಲ್ಲ’ ಎಂದು ಬರೆದುಕೊಂಡು, ಆಮೇಲೆ ಮೊತ್ತವೂ ‘ಸ್ಥಿರವಲ್ಲ’ ಎನ್ನುತ್ತದೆ. ದಾರಿಗಳನ್ನು ಬೇರೆ ಬೇರೆಯಾಗಿ ನೋಡಿ ಕೊನೆಯಲ್ಲಿ ಕೂಡಿಸಿದ್ದರೆ ಸಿಗುತ್ತಿತ್ತು. ಆದರೆ ಲೂಪ್ ಇದ್ದರೆ ದಾರಿಗಳಿಗೆ ಲೆಕ್ಕವೇ ಇರುವುದಿಲ್ಲ. ಲೈವ್, ರೀಚಿಂಗ್, ಅವೈಲಬಲ್ ಲೆಕ್ಕಗಳಿಗೆ ಈ ತೊಂದರೆ ಇಲ್ಲ. ಅವುಗಳಲ್ಲಿ ಮೊದಲೇ ಕೂಡಿಸಿದರೂ ಕೊನೆಗೆ ಕೂಡಿಸಿದರೂ ಉತ್ತರ ಒಂದೇ.

ನನ್ನ ಕೋಡ್ ಸರಿಯಾಗಿಯೇ ಇದೆ. ಆದರೂ ಜಾವಾ ‘ಬೆಲೆ ಕೊಟ್ಟಿಲ್ಲದಿರಬಹುದು’ ಎಂದು ತಡೆಯುತ್ತದೆ. ಯಾಕೆ?

ನೀವು ಬಹುಶಃ ಹೀಗೆ ಬರೆದಿದ್ದೀರಿ: ಮಳೆ 2ಕ್ಕಿಂತ ಹೆಚ್ಚಿದ್ದರೆ ಒಂದು ವೇರಿಯಬಲ್‌ಗೆ ಬೆಲೆ ಕೊಡು. ಸ್ವಲ್ಪ ಕೆಳಗೆ, ಮಳೆ 2ಕ್ಕಿಂತ ಹೆಚ್ಚಿದ್ದರೆ ಅದನ್ನು ಬರೆ. ನಡುವೆ ಮಳೆ ಬದಲಾಗಿಲ್ಲ, ಹಾಗಾಗಿ ಅಪಾಯವಿಲ್ಲ. ಆದರೆ ಗ್ರಾಫ್‌ನಲ್ಲಿ ಮೊದಲ ‘ಇದ್ದರೆ’ಯನ್ನು ಬಿಟ್ಟು ಎರಡನೆಯದರ ಒಳಗೆ ಹೋಗುವ ದಾರಿಯೂ ಇದೆ. ನಿಜವಾಗಿ ಆ ದಾರಿಯಲ್ಲಿ ಯಾರೂ ಹೋಗಲಾರರು ಎಂದು ತಿಳಿಯಲು ಎರಡೂ ಷರತ್ತುಗಳ ಅರ್ಥ ನೋಡಬೇಕು. ಜಾವಾ ಭಾಷೆಯ ನಿಯಮ ಅದನ್ನು ನೋಡುವುದಿಲ್ಲ.

ಇದು ಸೋಮಾರಿತನವಲ್ಲ. ಜಾವಾ ಈ ಲೆಕ್ಕವನ್ನು ಭಾಷೆಯ ನಿಯಮದೊಳಗೇ ಬರೆದಿಟ್ಟಿದೆ. ಅದಕ್ಕೆಂದೇ ಒಂದು ಪೂರ್ತಿ ಅಧ್ಯಾಯವಿದೆ, 16ನೆಯದು. ಹಾಗಾಗಿ ಯಾವ ಜಾವಾ ಕಂಪೈಲರ್ ಬಳಸಿದರೂ ಒಂದೇ ಉತ್ತರ. ಸಿ ಭಾಷೆಯಲ್ಲಿ ಇದು ಬರೀ ಎಚ್ಚರಿಕೆ, ಅದೂ ಕಂಪೈಲರ್‌ನಿಂದ ಕಂಪೈಲರ್‌ಗೆ ಬೇರೆ. ನನಗೆ ಜಾವಾದ ದಾರಿಯೇ ಇಷ್ಟ. ಒಂದು ಸಾಲು ಜಾಸ್ತಿ ಬರೆಯುವುದು ದೊಡ್ಡ ಕಷ್ಟವಲ್ಲ.

ಹಾಗಾದರೆ ಪೂರ್ತಿ ಕರಾರುವಾಕ್ಕಾದ ಕಂಪೈಲರ್ ಯಾರೂ ಬರೆಯಲಿಲ್ಲವೇ?

ಬರೆಯಲು ಆಗುವುದಿಲ್ಲ. ಯಾವುದೇ ಪ್ರೋಗ್ರಾಂ ನಿಲ್ಲುತ್ತದೆಯೋ ಇಲ್ಲವೋ ಎಂದು ಹೇಳಬಲ್ಲ ಒಂದು ಸಾಮಾನ್ಯ ವಿಧಾನ ಇರಲಾರದು ಎಂದು ಅಲನ್ ಟ್ಯೂರಿಂಗ್ ಅವರ 1936ರ ಕೆಲಸದಿಂದಲೇ ತಿಳಿದಿದೆ. ಪ್ರೋಗ್ರಾಂಗಳ ನಡವಳಿಕೆಯ ಬಗ್ಗೆ ಕೇಳುವ ಯಾವ ಹುರುಳಿರುವ ಪ್ರಶ್ನೆಗೂ ಇದೇ ಗತಿ ಎಂದು ಹೆನ್ರಿ ರೈಸ್ 1953ರಲ್ಲಿ ತೋರಿಸಿದರು. ಅದಕ್ಕೇ ‘ಯಾವ ಕಡೆ ತಪ್ಪಿದರೆ ಕೆಡುವುದಿಲ್ಲ’ ಎಂಬ ಪ್ರಶ್ನೆಗೆ ಇಷ್ಟು ತೂಕ. ತಪ್ಪು ಇದ್ದೇ ಇರುತ್ತದೆ, ಎಲ್ಲಿರಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಪಾಯಿಂಟರ್ ಬಂದರೆ?

ಕಷ್ಟ ಶುರು. ಪಾಯಿಂಟರ್ ಮೂಲಕ ಒಂದು ಬೆಲೆ ಬರೆದಿರಿ. ಅದು ಒಟ್ಟು ಕಡೆ ತೋರಿಸುತ್ತಿರಬಹುದು, ದಿನದ ಕಡೆಯೂ ಇರಬಹುದು. ರೀಚಿಂಗ್ ಲೆಕ್ಕದಲ್ಲಿ ಈ ಸಾಲನ್ನು ಎರಡಕ್ಕೂ ಸೇರಿಸಬೇಕು, ಆದರೆ ಹಳೆಯ ಸಾಲುಗಳನ್ನು ಯಾವುದರಿಂದಲೂ ತೆಗೆಯಬಾರದು. ಬರೆದಿರಬಹುದು, ಬರೆಯದೆಯೂ ಇರಬಹುದು. ಒಂದೇ ಒಂದು ಜಾಗಕ್ಕೆ ತೋರಿಸುತ್ತದೆ ಎಂದು ಖಚಿತವಾದರೆ ಮಾತ್ರ ಹಳೆಯದನ್ನು ತೆಗೆಯಬಹುದು. ಫಂಕ್ಷನ್ ಕರೆಗಳದೂ ಇದೇ ಕಥೆ. ಒಳಗೆ ಏನಿದೆ ಎಂದು ಕಾಣದಿದ್ದರೆ, ಅದು ಮುಟ್ಟಬಹುದಾದ್ದನ್ನೆಲ್ಲ ಮುಟ್ಟಿದೆ ಎಂದೇ ಎಣಿಸಬೇಕು.

ಡೆಡ್ ಎಂದು ತೆಗೆದ ಸಾಲಿನಿಂದ ನಿಜವಾಗಿ ತೊಂದರೆ ಆದದ್ದಿದೆಯೇ?

ಇದೆ, ಸೆಕ್ಯೂರಿಟಿ ಕೋಡ್‌ನಲ್ಲಿ. ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ಇದ್ದ ಮೆಮೊರಿಗೆ ಸೊನ್ನೆ ತುಂಬುತ್ತಾರೆ. ಆ ಸೊನ್ನೆಗಳನ್ನು ಮುಂದೆ ಯಾರೂ ಓದುವುದಿಲ್ಲ. ಹಾಗಾಗಿ ಕಂಪೈಲರ್ ಕಣ್ಣಿಗೆ ಅದು ಡೆಡ್, ತೆಗೆದುಹಾಕುತ್ತದೆ. ಪಾಸ್‌ವರ್ಡ್ ಮೆಮೊರಿಯಲ್ಲಿ ಹಾಗೇ ಉಳಿಯುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಮೆಮೊರಿಯನ್ನು ಹೊರಗಿನಿಂದ ಕದ್ದು ನೋಡುವವರು ಭಾಷೆಯ ಲೆಕ್ಕದಲ್ಲೇ ಇಲ್ಲ. ಇದಕ್ಕಾಗಿಯೇ ಸಿ23ರಲ್ಲಿ ‘ಮೆಮ್‌ಸೆಟ್_ಎಕ್ಸ್‌ಪ್ಲಿಸಿಟ್’ ಎಂಬ ಫಂಕ್ಷನ್ ಸೇರಿಸಿದ್ದಾರೆ. ಗುಟ್ಟಿನ ವಿಷಯ ಅಳಿಸುವ ಕೋಡ್ ಬರೆಯುವವರು ಇದನ್ನು ದಯವಿಟ್ಟು ನೆನಪಿಡಿ.

ಇದನ್ನೆಲ್ಲ ಯಾರು ಶುರು ಮಾಡಿದ್ದು?

ಐಬಿಎಂನಲ್ಲಿ ಫ್ರಾನ್ಸಿಸ್ ಅಲೆನ್ ಮತ್ತು ಜಾನ್ ಕಾಕ್. ಕಂಟ್ರೋಲ್ ಫ್ಲೋ ಬಗ್ಗೆ ಅಲೆನ್ ಅವರ ಪ್ರಬಂಧ ಬಂದದ್ದು 1970ರಲ್ಲಿ. 2006ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಬೇರೆ ಬೇರೆ ಲೆಕ್ಕಗಳನ್ನೆಲ್ಲ ಲ್ಯಾಟಿಸ್ ಮೇಲೆ ಒಂದೇ ವಿಧಾನದಲ್ಲಿ ಮಾಡಬಹುದು ಎಂದು 1973ರಲ್ಲಿ ತೋರಿಸಿದವರು ಗ್ಯಾರಿ ಕಿಲ್ಡಾಲ್. ಸಿಪಿ/ಎಂ ಆಪರೇಟಿಂಗ್ ಸಿಸ್ಟಂ ಬರೆದ ಅದೇ ಕಿಲ್ಡಾಲ್.

ಈಗ ಎಲ್ಲರೂ ಎಸ್‌ಎಸ್‌ಎ (ಸ್ಟಾಟಿಕ್ ಸಿಂಗಲ್ ಅಸೈನ್‌ಮೆಂಟ್) ಬಳಸುತ್ತಾರಲ್ಲ, ಇದು ಹಳೆಯದಾಯಿತಾ?

ಇಲ್ಲ. ಎಸ್‌ಎಸ್‌ಎಯಲ್ಲಿ ಪ್ರತಿ ವೇರಿಯಬಲ್‌ಗೂ ಒಂದೇ ಕಡೆ ಬೆಲೆ ಕೊಡುತ್ತಾರೆ. ಒಟ್ಟು ಎಂಬುದು ಒಟ್ಟು1, ಒಟ್ಟು2, ಒಟ್ಟು3 ಆಗುತ್ತದೆ. ದಾರಿಗಳು ಕೂಡುವಲ್ಲಿ ‘ಫೈ’ ಎಂಬ ಗುರುತು, ಬಂದ ದಾರಿಗೆ ತಕ್ಕಂತೆ ಒಂದನ್ನು ಆರಿಸುತ್ತದೆ. ಈ ರೂಪಕ್ಕೆ ತರುವ ಸಮರ್ಥ ವಿಧಾನವನ್ನು ಸೈಟ್ರನ್ ಮತ್ತು ಸಂಗಡಿಗರು 1991ರಲ್ಲಿ ವಿವರವಾಗಿ ಪ್ರಕಟಿಸಿದರು. ಜಿಸಿಸಿ ಕಂಪೈಲರ್ 2005ರ 4.0 ಆವೃತ್ತಿಯಿಂದ ಇದನ್ನು ಬಳಸುತ್ತಿದೆ, ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟು ನಿಂತಿರುವುದೇ ಇದರ ಮೇಲೆ. ಯಾವ ಬೆಲೆ ಎಲ್ಲಿಂದ ಬಂತು ಎಂಬುದು ಹೆಸರಿನಲ್ಲೇ ಇರುವುದರಿಂದ ರೀಚಿಂಗ್ ಲೆಕ್ಕ ಬಹುಪಾಲು ತಪ್ಪುತ್ತದೆ. ಆದರೆ ರಿಜಿಸ್ಟರ್ ಹಂಚಲು ಲೈವ್ ಲೆಕ್ಕ ಬೇಕೇ ಬೇಕು. 64 ಬಿಟ್‌ನ ಎಕ್ಸ್86 ಪ್ರೊಸೆಸರ್‌ನಲ್ಲಿ ಬಹುಕಾಲ ಇದ್ದದ್ದು 16 ಸಾಮಾನ್ಯ ರಿಜಿಸ್ಟರ್ ಮಾತ್ರ. ರಸ್ಟ್ ಭಾಷೆಯ 2018ರ ಆವೃತ್ತಿಯಲ್ಲಿ ಬಾರೋ ಚೆಕರ್ (ರೆಫರೆನ್ಸ್‌ಗಳ ಬಳಕೆ ಸರಿಯಿದೆಯಾ ಎಂದು ನೋಡುವ ಭಾಗ) ಸಡಿಲಗೊಂಡದ್ದೂ, ಒಂದು ರೆಫರೆನ್ಸ್ ಎಲ್ಲಿಯವರೆಗೆ ಲೈವ್ ಎಂದು ಗ್ರಾಫ್ ಮೇಲೆ ಲೆಕ್ಕ ಹಾಕಲು ಶುರು ಮಾಡಿದ್ದರಿಂದಲೇ.

ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹೇಗೆ ಕಲಿಯಲಿ?

ಈ ವಿಷಯಕ್ಕೆ ಬೇಕಾದದ್ದು ಪೆನ್ಸಿಲ್, ಹಾಳೆ. ನಾಲ್ಕೈದು ಬ್ಲಾಕ್‌ಗಳ ಗ್ರಾಫ್ ಬರೆದು, ಸುತ್ತಿಗೊಂದು ಕಾಲಂ ಹಾಕಿ ಕೈಯಲ್ಲೇ ಮಾಡಿ. ಲೂಪ್ ಒಳಗೊಂದು ಲೂಪ್ ಇರುವ ಗ್ರಾಫ್ ಒಂದಾದರೂ ಇರಲಿ. ಆಗ ಮಾತ್ರ ಎರಡನೇ ಮೂರನೇ ಸುತ್ತಿನಲ್ಲಿ ಉತ್ತರ ಹರಿಯುವುದು ಕಣ್ಣಿಗೆ ಕಾಣುತ್ತದೆ. ನೆಟ್‌ವರ್ಕ್ ಸಿಕ್ಕಿದಾಗ, ಬೆಂಗಳೂರಿನ ಐಐಎಸ್‌ಸಿಯ ವೈ. ಎನ್. ಶ್ರೀಕಾಂತ್ ಅವರ ಕಂಪೈಲರ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ, ಇಳಿಸಿಟ್ಟುಕೊಳ್ಳಿ.

ಆಮೇಲೆ ಕೋಡ್ ಬರೆಯುವಾಗ ಪೈಥಾನ್ ಸಾಕು. ಬ್ಲಾಕ್‌ಗಳ ಪಟ್ಟಿ, ಬಾಣಗಳ ಪಟ್ಟಿ, ಓದುವ ಮತ್ತು ಬರೆಯುವ ಸೆಟ್‌ಗಳು, ಏನೂ ಬದಲಾಗದವರೆಗೆ ತಿರುಗುವ ಒಂದು ಲೂಪ್. ಮೊದಲು ಲೈವ್ ಲೆಕ್ಕ ಬರೆಯಿರಿ. ಅದು ಓಡಿದ ಮೇಲೆ ದಿಕ್ಕು, ಕೂಡಿಸುವ ವಿಧಾನ, ಶುರುವಿನ ಬೆಲೆ ಈ ಮೂರನ್ನೂ ಹೊರಗಿನಿಂದ ಕೊಡುವ ಹಾಗೆ ಬದಲಿಸಿ. ಬ್ಲಾಕ್‌ಗೆ ತಕ್ಕ ಸೆಟ್‌ಗಳನ್ನು ಕೊಟ್ಟರೆ ಅದೇ ಕೋಡ್‌ನಲ್ಲಿ ಅವೈಲಬಲ್ ಲೆಕ್ಕವೂ ಬರುತ್ತದೆ, ರೀಚಿಂಗ್ ಲೆಕ್ಕವೂ ಬರುತ್ತದೆ.